ಬಾಗಿಲ ಯಾವ ಕಡೆ ನಿಲ್ಲುವುದು?

ಕನ್ನಡದಲ್ಲಿ ಕ್ರೈಸ್ತ ಭಕ್ತಿಗೀತೆ ಬರೆಯಲು ಕೂತವರಿಗೆ ಮೊದಲು ಅಡ್ಡ ಬರುವುದು ಧಾಟಿ. ಭಕ್ತಿಯ ಮಾತು ಆಮೇಲೆ. ನಾನು ಕರಾವಳಿಯ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ, ಎಂದರೆ ಚರ್ಚಿನಲ್ಲಿ, ಹುಟ್ಟಿ ಬೆಳೆದವಳು. ನಮ್ಮ ಗೀತಪುಸ್ತಕದ ಬಹುಪಾಲು ಹಾಡುಗಳು ಜರ್ಮನ್ ಅಥವಾ ಇಂಗ್ಲಿಷ್ ಧಾಟಿಯವು. ಧಾಟಿ ಮೊದಲೇ ಇತ್ತು, ಕನ್ನಡವನ್ನು ಆಮೇಲೆ ಅದರೊಳಗೆ ಕೂರಿಸಿದರು. ಆ ಧಾಟಿಗಳು ಒತ್ತಿನ ಮೇಲೆ ನಡೆಯುತ್ತವೆ, ನಮ್ಮ ಪದ್ಯ ನಡೆಯುವುದು ಮಾತ್ರೆಯ ಮೇಲೆ. ಹಾಗಾಗಿ ‘ಮನ’ ಎನ್ನುವುದು ಎಳೆದೆಳೆದು ‘ಮಾನಾ’ ಆಗುತ್ತದೆ, ಒತ್ತು ಬೀಳಬಾರದ ವಿಭಕ್ತಿ ಪ್ರತ್ಯಯದ ಮೇಲೆ ಧಾಟಿಯ ದೊಡ್ಡ ಸ್ವರ ಬಂದು ಕೂರುತ್ತದೆ. ಹುಟ್ಟಿನಿಂದ ಕೇಳಿದವರಿಗೆ ಅದೇ ಸರಿ. ನನ್ನ ಅಜ್ಜಿ ‘ಮಾನಾ’ ಎಂದೇ ಹಾಡಿ ಕಣ್ಣು ತುಂಬಿಕೊಳ್ಳುತ್ತಿದ್ದರು. ಎತ್ತರದ ಮಾಡಿನ ಹಳೇ ದೇವಾಲಯದಲ್ಲಿ ನಾಲ್ಕು ದನಿಯಲ್ಲಿ ಅದು ಎದ್ದು ಬರುವಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಲಘು ಗುರು ಹಾಕಿಸಿದ ಕನ್ನಡ ಟೀಚರಿಗೆ ಭಾನುವಾರ ಬೆಳಿಗ್ಗೆ ಕಿವಿಯನ್ನು ಮನೆಯಲ್ಲಿಟ್ಟು ಬರಲು ಆಗುವುದಿಲ್ಲ.

ನಿವೃತ್ತಿಯಾದ ಮೇಲೆ ನಮ್ಮ ಗಾಯನ ವೃಂದದ ಮಾಸ್ಟ್ರು, “ಟೀಚರೇ, ಶ್ರಮೆಯ ಕಾಲಕ್ಕೆ ಒಂದು ಹೊಸ ಹಾಡು ಬರೆದು ಕೊಡಿ, ನಮ್ಮದೇ ಆದದ್ದು” ಎಂದರು. ಶ್ರಮೆಯ ಕಾಲ ಎಂದರೆ ಯೇಸುವಿನ ಶ್ರಮೆಯನ್ನು ನೆನೆಯುವ, ಈಸ್ಟರಿಗೆ ಮುಂಚಿನ ವಾರಗಳು. ಹೂಂ ಎಂದೆ. ಕೊಡುವ ಹೊತ್ತಿಗೆ ಮುಂದಿನ ಶ್ರಮೆಯ ಕಾಲ ಬಂದಿತ್ತು. ನಡುವೆ ಏನಾಯಿತು ಎನ್ನುವುದನ್ನು ಬರೆಯುತ್ತೇನೆ, ಇದೇ ಕೆಲಸಕ್ಕೆ ಕೈ ಹಾಕಿದ ಬೇರೆಯವರಿಗೆ ಉಪಯೋಗವಾದರೆ ಆಗಲಿ.

ಬರೆಯುವ ಮೊದಲು ಓದಿದೆ. ಹೊರಗಿನ ದೇವರನ್ನು ಒಳಗಿನ ಪದ್ಯದಲ್ಲಿ ಹಾಡಿದವರು ನನಗಿಂತ ಮುಂಚೆ ಎಷ್ಟು ಜನ ಎಂಬುದು ತಿಳಿದಷ್ಟೂ ಧೈರ್ಯ ಬಂತು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸ್ವಿತ್ ಪಾದ್ರಿ ಗೋವೆಗೆ ಬಂದು, ಮರಾಠಿ ಸಂತರ ಓವಿ ಎಂಬ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಬರೆದು 1616ರಲ್ಲಿ ರಾಚೋಲದಲ್ಲಿ ಅಚ್ಚು ಹಾಕಿಸಿದ. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಅದನ್ನು ಹಸ್ತಪ್ರತಿಯಲ್ಲಿ ಹೊತ್ತು ತಂದು ನಮ್ಮ ಕೆನರಾದ ಮನೆಗಳಲ್ಲಿ ಹಾಡಿದರು. 1907ರಲ್ಲಿ ಅದು ಮಂಗಳೂರಿನಲ್ಲೇ ಮತ್ತೆ ಅಚ್ಚಾಯಿತು. ತಮಿಳಿನ ಕ್ರೈಸ್ತ ಕವಿ ಕೃಷ್ಣ ಪಿಳ್ಳೈ ವೈಷ್ಣವ ಮನೆತನದಿಂದ ಬಂದವರು, ತಮಿಳು ರಾಮಾಯಣದ ಕಂಬನನ್ನು ಅರೆದು ಕುಡಿದವರು. ಮರಾಠಿಯ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ಪಡೆದವರು, ತಾನು ತುಕಾರಾಮನ ಸೇತುವೆ ದಾಟಿಯೇ ಕ್ರಿಸ್ತನ ಬಳಿ ಬಂದೆ ಎಂದು ಹೇಳಿಕೊಂಡು ಅಭಂಗಗಳನ್ನೇ ಬರೆದರು.

ನಮ್ಮಲ್ಲಿ? ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. ಸುವಾರ್ತೆ ಸಾರಲು ಬಂದ ಆ ಮನುಷ್ಯ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ದಾಸಸಾಹಿತ್ಯ ಮೊದಲ ಸಲ ಪುಸ್ತಕದ ರೂಪ ಕಂಡದ್ದು ಮಿಶನ್ ಮುದ್ರಣಾಲಯದಲ್ಲಿ ಎಂಬುದನ್ನು ಈಗಲೂ ನಮ್ಮ ಸಭೆಯ ಎಷ್ಟೋ ಜನ ನಂಬುವುದಿಲ್ಲ. ಕಿಟ್ಟೆಲ್ ಅಂತೂ ಒಂದು ಹೆಜ್ಜೆ ಮುಂದೆ. 1894ರ ನಿಘಂಟಿನಿಂದ ಎಲ್ಲರಿಗೂ ಅವರ ಹೆಸರು ಗೊತ್ತು. ಅದಕ್ಕೂ ಮೊದಲು 1862ರಲ್ಲಿ ‘ಕಥಾಮಾಲೆ’ ಎಂದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. ಎಂದರೆ ಮಾತ್ರೆ, ಗಣ, ಪ್ರಾಸ ಇವೆಲ್ಲ ಬೇಕು ಎಂದು ಮಿಶನ್ನಿನ ಒಳಗಿನವರೇ ನೂರ ಅರುವತ್ತು ವರ್ಷದ ಹಿಂದೆ ತೋರಿಸಿಕೊಟ್ಟಿದ್ದರು. ನಾವು ನಿಘಂಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು.

ಧಾಟಿಯ ಗಂಟು ಬಿಡಿಸಿಕೊಟ್ಟವರು ಮಾತ್ರ ಬಿ.ಎಂ.ಶ್ರೀ. ‘ಕರುಣಾಳು ಬಾ ಬೆಳಕೆ’ ಹಾಡದ ಶಾಲೆ ಕರ್ನಾಟಕದಲ್ಲಿ ಉಂಟಾ? ಅದು ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು ಹಡಗಿನಲ್ಲಿ ಊರಿಗೆ ಮರಳುವಾಗ ಬರೆದ ಕ್ರೈಸ್ತ ಪ್ರಾರ್ಥನೆ. ಹಾಡುವ ಮಕ್ಕಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎಷ್ಟೋ ವರ್ಷ ಪ್ರಾರ್ಥನೆಗೆ ನಿಂತು ಹಾಡಿಸಿದ್ದೆ, ಆದರೆ ಪೆನ್ಸಿಲು ಹಿಡಿದು ಪ್ರಸ್ತಾರ ಹಾಕಿದ್ದು ಈಗಲೇ. ಕರುಣಾಳು, ಬಾ ಬೆಳಕೆ, ಮುಸುಕಿದೀ, ಮಬ್ಬಿನಲಿ: ಒಂದೊಂದೂ ಐದು ಮಾತ್ರೆ. ಕೈಹಿಡಿದು, ನಡೆಸೆನ್ನ: ಮತ್ತೆ ಐದೈದು. ಇಂಗ್ಲಿಷಿನ ನಡಿಗೆಯನ್ನು ಅವರು ತಂದೇ ಇಲ್ಲ. ಕತ್ತಲಲ್ಲಿ ತಡವರಿಸಿ ನಡೆಯುವವನ ಹೆಜ್ಜೆಗೆ ಕನ್ನಡದ ಪಂಚಮಾತ್ರೆಯನ್ನು ಕೊಟ್ಟಿದ್ದಾರೆ. ಅದಕ್ಕೇ ಅದು ಅನುವಾದ ಎಂದು ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿಗೆ ಒಂದು ತೀರ್ಮಾನವಾಯಿತು: ಗೀತಪುಸ್ತಕದ ಧಾಟಿಗೆ ಬರೆಯುವುದಿಲ್ಲ, ಮೊದಲು ಮಾತ್ರೆ, ಧಾಟಿಯನ್ನು ಮಾಸ್ಟ್ರು ಆಮೇಲೆ ಹುಡುಕಿಕೊಳ್ಳಲಿ.

ಇನ್ನು ವಿಷಯ. ಹಿಂದಿನವರಿಂದ ತೆಗೆದುಕೊಳ್ಳುವುದು ಏನನ್ನು?

ಎಲ್ಲರ ಹಾಗೆ ನನ್ನ ಕೈ ಮೊದಲು ವಚನಕ್ಕೆ ಹೋಯಿತು. ಬಸವಣ್ಣನವರ “ಎನ್ನ ಕಾಲೇ ಕಂಬ, ದೇಹವೇ ದೇಗುಲ” ಇದೆಯಲ್ಲ, ಅದರ ಪಕ್ಕದಲ್ಲಿ ಬೈಬಲಿನ ಪೌಲನು ಕೊರಿಂಥದ ಸಭೆಯವರಿಗೆ ಬರೆದ ‘ನೀವು ದೇವರ ಆಲಯ’ ಎಂಬ ಮಾತನ್ನು ಇಟ್ಟು ನೋಡಿದೆ. ಎರಡನ್ನೂ ಹೊಲಿದು ಒಂದು ವಚನ ಮಾಡುವುದು ಸುಲಭ. ಇಂಥವು ನಮ್ಮ ಸಭಾ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತವೆ: ಕೊನೆಯ ಸಾಲಿನಲ್ಲಿ ಕೂಡಲಸಂಗಮದೇವ ಇದ್ದಲ್ಲಿ ಯೇಸು. ಆದರೆ ಇನ್ನೊಮ್ಮೆ ಓದಿದರೆ ಎರಡೂ ಒಂದಲ್ಲ. ಬಸವಣ್ಣ ಮಾತಾಡುವುದು ಒಬ್ಬ ಬಡವನ ಒಂದು ದೇಹದ ಬಗ್ಗೆ, ಉಳ್ಳವರ ಕಲ್ಲು ಕಟ್ಟಡದ ಎದುರು ನಿಂತು. ಪೌಲನು ಮಾತಾಡುವುದು ಜಗಳಾಡಿ ಗುಂಪು ಗುಂಪಾಗಿ ಒಡೆದುಹೋಗಿದ್ದ ಒಂದು ಸಭೆಗೆ. ಅವನಿಗೆ ಆ ಇಡೀ ಜನ ಸೇರಿ ಒಂದು ಆಲಯ. ಹೊಲಿದರೆ ಇಬ್ಬರ ಸಿಟ್ಟೂ ಹೋಗಿ ನುಣುಪಾದ ಒಂದು ಸುಭಾಷಿತ ಉಳಿಯುತ್ತದೆ. ಅಲ್ಲದೆ ಬಸವಣ್ಣ “ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ” ಎಂದು ಮುಗಿಸಿ ಆಗಿದೆ. ಮುಗಿದದ್ದಕ್ಕೆ ನಾನು ಸೇರಿಸುವುದೇನು? ವಚನವನ್ನು ಅಲ್ಲೇ ಬಿಟ್ಟೆ. ಸಭೆ ಒಟ್ಟಾಗಿ ಹಾಡಬೇಕಾದದ್ದಕ್ಕೆ ಗದ್ಯದ ಲಯ ಒದಗುವುದೂ ಕಷ್ಟ.

ಉಡುಪಿ ಸುತ್ತಮುತ್ತ ಇರುವವರಿಗೆ ಕನಕದಾಸರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ರಥಬೀದಿಗೆ ಹೋದರೆ ಕನಕನ ಕಿಂಡಿ, ಬಸ್ಸಿನಲ್ಲಿ ಕೂತರೆ ಡ್ರೈವರನ ಸ್ಪೀಕರಿನಲ್ಲಿ “ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೇ, ಕೂಗಿದರೂ ದನಿ ಕೇಳಲಿಲ್ಲವೇ ನರಹರಿಯೇ”. ಆ ಹಾಡಿನಲ್ಲಿ ನನ್ನನ್ನು ಹಿಡಿದದ್ದು ಅದರ ನಿಲುವು, ಅಂದರೆ ಅಕ್ಷರಶಃ ನಿಂತ ಜಾಗ. ಭಕ್ತ ಹೊರಗೆ, ದೇವರು ಒಳಗೆ, ನಡುವೆ ಮುಚ್ಚಿದ ಬಾಗಿಲು. ಹೊರಗೆ ನಿಂತವನು ಬೇಡುವುದಷ್ಟೇ ಅಲ್ಲ, ಕೇಳಲಿಲ್ಲವೇ ನಿನಗೆ ಎಂದು ದಬಾಯಿಸುತ್ತಾನೆ. ಆ ದಬಾವಣೆಯ ಹಿಂದೆ, ಯಾರನ್ನು ಹೊರಗೆ ನಿಲ್ಲಿಸುತ್ತಾರೆ ಎಂಬ ಇಡೀ ಊರಿನ ಕಥೆ ಇದೆ.

ನಮ್ಮ ಕ್ರೈಸ್ತ ಮನೆಗಳ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ. ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ: ಯೇಸು ಕದ ತಟ್ಟುತ್ತಾ ನಿಂತ ಚಿತ್ರ. ಹೋಲ್ಮನ್ ಹಂಟ್ ಎಂಬ ಇಂಗ್ಲಿಷ್ ಚಿತ್ರಕಾರ 1850ರ ದಶಕದ ಆರಂಭದಲ್ಲಿ ಬರೆದದ್ದರಿಂದ ಶುರುವಾಗಿ ಅದು ನೂರು ರೂಪ ತಾಳಿ ನಮ್ಮ ಅಡುಗೆಕೋಣೆಯ ತನಕ ಬಂದಿದೆ. ಬಾಗಿಲಿಗೆ ಹೊರಗಡೆ ಚಿಲಕವಿಲ್ಲ, ಚಿತ್ರಕಾರ ಬೇಕೆಂದೇ ಬಿಟ್ಟದ್ದು. ಚಿತ್ರಕ್ಕೆ ಮೂಲ, ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಮೂರನೆಯ ಅಧ್ಯಾಯ: “ಇಗೋ, ಬಾಗಿಲಲ್ಲಿ ನಿಂತುಕೊಂಡು ತಟ್ಟುತ್ತಾ ಇದ್ದೇನೆ.” ತೆರೆದರೆ ಒಳಗೆ ಬಂದು ಜೊತೆಗೆ ಊಟ ಮಾಡುತ್ತೇನೆ ಎನ್ನುತ್ತದೆ ಮುಂದಿನ ಮಾತು. ಇದನ್ನು ಸಾಮಾನ್ಯವಾಗಿ ನಂಬದವರನ್ನು ಕರೆಯುವ ವಾಕ್ಯವಾಗಿ ಪ್ರಸಂಗ ಮಾಡುತ್ತಾರೆ. ಆದರೆ ಆ ಪತ್ರ ಬರೆದಿರುವುದು ಲವೊದಿಕೀಯದ ಸಭೆಗೆ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಭಕ್ತರಿಗೆ. ಸಭೆ ಒಳಗೆ ಕೂತಿದೆ, ಕರ್ತನು ಹೊರಗೆ ನಿಂತಿದ್ದಾನೆ! ಕನಕನ ಬಾಗಿಲನ್ನು ಯಾರೋ ತಿರುಗಿಸಿ ಇಟ್ಟ ಹಾಗೆ.

ಮೂರನೆಯ ಬಾಗಿಲು ಜಾರ್ಜ್ ಹರ್ಬರ್ಟನದು. ಸಾಲ್ಸ್‌ಬರಿ ಹತ್ತಿರ ಬೆಮರ್ಟನ್ ಎಂಬ ಹಳ್ಳಿಯ ಪಾದ್ರಿ, 1633ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡ, ಪದ್ಯಗಳು ಅಚ್ಚಾದದ್ದು ಅದೇ ವರ್ಷ, ಅವನು ಹೋದ ಮೇಲೆ. ಆ ಸಂಕಲನದ ಕೊನೆಯ ಹೊತ್ತಿಗೆ ಒಂದು ಪದ್ಯವಿದೆ. ಪ್ರೀತಿ ಎಂಬ ಹೆಸರಿನ ದೇವರು ಮನೆಯ ಯಜಮಾನ, ಬಾ ಎಂದು ಕರೆಯುತ್ತಾನೆ. ಧೂಳು ಮೆತ್ತಿದ ಅತಿಥಿ ಹಿಂಜರಿಯುತ್ತಾನೆ, ನಾನು ಯೋಗ್ಯನಲ್ಲ ಎನ್ನುತ್ತಾನೆ, ಬೇಕಾದರೆ ಬಡಿಸುವ ಕೆಲಸ ಮಾಡುತ್ತೇನೆ ಎನ್ನುತ್ತಾನೆ. ಯಜಮಾನ ಬಿಡುವುದಿಲ್ಲ. ಕಡೆಗೆ ಅತಿಥಿ ಕೂತು ಉಣ್ಣುತ್ತಾನೆ, ಪದ್ಯ ಮುಗಿಯುತ್ತದೆ. ಇಡೀ ಪದ್ಯದಲ್ಲಿ ಒಂದು ಕಠಿಣ ಪದವಿಲ್ಲ.

ಕನಕನಲ್ಲಿ ಭಕ್ತ ಹೊರಗೆ. ಪ್ರಕಟನೆಯಲ್ಲಿ ದೇವರು ಹೊರಗೆ. ಹರ್ಬರ್ಟನಲ್ಲಿ ಬಾಗಿಲು ತೆರೆದೇ ಇದೆ, ಹೊಸ್ತಿಲಲ್ಲಿ ನಿಂತವನೇ ಒಳಗೆ ಬರಲು ಒಲ್ಲ. ಮೂವರ ಮಾತನ್ನೂ ನಾನು ತೆಗೆದುಕೊಳ್ಳಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಒಂದೇ, ನಾನು ಯಾವ ಕಡೆ ನಿಂತು ಹಾಡುತ್ತೇನೆ ಎಂದು ಗೊತ್ತು ಮಾಡಿಕೊಳ್ಳುವುದು. ಹಿಂದಿನ ಕವಿಗಳಿಂದ ಕಲಿಯುವುದು ಇದನ್ನೇ ಎಂದು ನನಗೀಗ ಅನ್ನಿಸುತ್ತದೆ: ಅವರ ಉಪಮೆಗಳನ್ನಲ್ಲ, ಅವರು ದೇವರ ಎದುರು ನಿಲ್ಲುವ ಬಗೆಯನ್ನು. ನಾನು ಒಳಗೆ ನಿಂತೆ. ನಿದ್ದೆಗಣ್ಣಿನಲ್ಲಿ, ಬಾಗಿಲು ತೆರೆಯಲು ಮನಸ್ಸಿಲ್ಲದವಳಾಗಿ.

ಮೊದಲು ಭಾಮಿನಿ ಷಟ್ಪದಿಯಲ್ಲಿ ಬರೆದೆ. ಕುಮಾರವ್ಯಾಸನಿಂದಾಗಿ ನಾವು ಅದನ್ನು ಕಥೆಯ ಛಂದಸ್ಸು ಎಂದುಕೊಳ್ಳುತ್ತೇವೆ, ಆದರೆ ಕನಕದಾಸರ ಹರಿಭಕ್ತಿಸಾರ ಪ್ರಾರ್ಥನೆಯೇ, ಭಾಮಿನಿಯಲ್ಲೇ ಇದೆ. ಹೀಗೆ ಬಂತು:

ಕದವ ತಟ್ಟಿದೆ ಕರ್ತ ನೀನೇ
ಎದೆಯ ಬಾಗಿಲ ತೆರೆವೆ ನಾನೇ

ಮೂರು ನಾಲ್ಕು ಮೂರು ನಾಲ್ಕು, ಲೆಕ್ಕ ಸರಿ, ಪ್ರಾಸ ಸರಿ. ಆದರೆ ಎರಡನೆಯ ಸಾಲಿಗೇ ಬಾಗಿಲು ತೆರೆದುಹೋಯಿತಲ್ಲ. ಇನ್ನು ನಾಲ್ಕು ಸಾಲಿಗೆ ಏನು ಉಳಿಯಿತು, ಸ್ತೋತ್ರ ಮಾತ್ರ. ನಮ್ಮ ಭಕ್ತಿಗೀತೆಗಳ ದೊಡ್ಡ ಕಾಯಿಲೆ ಇದೇ ಎಂದು ನನ್ನ ಅಭಿಪ್ರಾಯ, ಯಾರಾದರೂ ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಪಾಪಿ ನಾನು ಎಂದು ಶುರುವಾದದ್ದು ಮುಂದಿನ ಸಾಲಿಗೆ ರಕ್ಷಣೆ ಪಡೆದು ನೆಮ್ಮದಿಯಾಗಿ ಕೂತುಬಿಡುತ್ತದೆ. ದಾಸರು ಹಾಗಲ್ಲ, ಜಗಳಾಡುತ್ತಾರೆ. “ನೀನ್ಯಾಕೋ ನಿನ್ನ ಹಂಗ್ಯಾಕೋ” ಎಂದು ಪುರಂದರದಾಸರು ಹೇಳಿದ್ದನ್ನು ನಮ್ಮ ಆರಾಧನೆಯಲ್ಲಿ ಯಾರಾದರೂ ಹಾಡಿದರೆ ಮುಂದಿನ ಸಮಿತಿ ಸಭೆಯಲ್ಲಿ ಅದೊಂದೇ ವಿಷಯ.

ನಮ್ಮ ಸತ್ಯವೇದವಾದರೂ, ಎಂದರೆ ಬೈಬಲಾದರೂ, ಹಾಗಿಲ್ಲ. ಕೀರ್ತನೆಗಳ ಪುಸ್ತಕದ ನೂರೈವತ್ತರಲ್ಲಿ ದೂರುಗಳಿಗೆ ಲೆಕ್ಕವಿಲ್ಲ. ನಲವತ್ತನಾಲ್ಕನೆಯದು ಕರ್ತನೇ, ಏಳು, ಯಾಕೆ ನಿದ್ದೆ ಮಾಡುತ್ತೀ ಎಂದು ಎಬ್ಬಿಸುತ್ತದೆ. ಎಂಬತ್ತೆಂಟನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲನ್ನು, ಯಾಕೆ ನನ್ನ ಕೈಬಿಟ್ಟೆ ಎಂದು. ದಾಸರ ನಿಂದಾಸ್ತುತಿಗೂ ದಾವೀದನ ದೂರಿಗೂ ನಡುವೆ ದೂರ ಬಹಳವಿಲ್ಲ. ನಮ್ಮ ಹಾಡುಗಳೇ ಎರಡರಿಂದಲೂ ದೂರ ಹೋದವು.

ಹಾಗಾಗಿ ಭಾಮಿನಿಯನ್ನು ಕೆಳಗಿಟ್ಟು, ನಾಲ್ಕು ಮಾತ್ರೆಯ ಗತಿಯಲ್ಲಿ, ಪಲ್ಲವಿ ಚರಣಗಳ ಕೀರ್ತನೆಯ ಅಂಗದಲ್ಲಿ ಮತ್ತೆ ಹಿಡಿದೆ. ಕದ ತಟ್ಟುವುದಕ್ಕೆ ನಾಲ್ಕರ ಗತಿಯೇ ಸರಿ, ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ ಬೇಕಾದರೆ.

ತಟ್ಟುವ ಸದ್ದಿದು ಯಾರದೊ ಹೊರಗೆ,
ಕೆಟ್ಟಿತು ನಿದ್ದೆಯು ಕತ್ತಲೆಯೊಳಗೆ.

ಪಲ್ಲವಿ ಇಷ್ಟು. ಮೊದಲ ಚರಣಕ್ಕೆ ಸತ್ಯವೇದದ ಪರಮಗೀತದ ಐದನೆಯ ಅಧ್ಯಾಯ ನೆರವಾಯಿತು. ಅಲ್ಲಿ ಕಾಂತನು ರಾತ್ರಿ ಬಾಗಿಲು ತಟ್ಟುತ್ತಾನೆ, ತಲೆಯೆಲ್ಲ ಇಬ್ಬನಿಯಿಂದ ತೊಯ್ದಿದೆ. ಒಳಗಿನವಳು ಒಳಂಗಿ ತೆಗೆದಿಟ್ಟಾಗಿದೆ, ಕಾಲು ತೊಳೆದಾಗಿದೆ, ಈಗ ಹೇಗೆ ಏಳಲಿ ಎಂದು ನೆಪ ಹೇಳುತ್ತಾಳೆ. ಎದ್ದು ತೆರೆಯುವಷ್ಟರಲ್ಲಿ ಅವನಿಲ್ಲ. ಅಕ್ಕಮಹಾದೇವಿಯನ್ನು ಪಾಠ ಮಾಡಿದವರಿಗೆ ಆ ಅಧ್ಯಾಯ ಓದುವಾಗ ಹೊಸ ಊರಿಗೆ ಬಂದ ಹಾಗೆ ಅನ್ನಿಸುವುದೇ ಇಲ್ಲ.

ಇಬ್ಬನಿ ನೆನೆಸಿದ ತಲೆಯಲಿ ನಿಂತೆ,
ಹಬ್ಬದ ಊಟಕೆ ಕರೆಯದ ನೆಂಟ.
ಚಿಲಕವು ಒಳಗಿದೆ, ಕೈಯೂ ಒಳಗಿದೆ,
ಛಲವೂ ಒಳಗಿದೆ, . . .

ಇಲ್ಲಿ ನಿಂತುಹೋಯಿತು. ಎಂಟು ಮಾತ್ರೆ ಬೇಕು, ಅಂಕಿತ ಬೇಕು.

ಅಂಕಿತವಿಲ್ಲದೆ ಕೀರ್ತನೆ ಕಟ್ಟಿದರೆ ಹೊಸ್ತಿಲಿಲ್ಲದ ಮನೆ. ಆದರೆ ದಾಸಪಂಥದಲ್ಲಿ ಅಂಕಿತ ಕೊಡುವುದು ಗುರು, ನಾನಾಗಿ ಇಟ್ಟುಕೊಳ್ಳುವುದು ಸರಿಯೇ? ನಮ್ಮ ಸಭಾಪಾಲಕರಿಗೆ ಕೇಳಿದೆ. ಅವರಿಗೆ ವಯಸ್ಸು ಸಣ್ಣದು, ಓದಿಕೊಂಡವರು. “ಅಂಕಿತ ಕೊಡುವ ಅಧಿಕಾರ ನನಗಿಲ್ಲ ಟೀಚರೇ, ಆದರೆ ಯಾರ ಹೆಸರಿನಲ್ಲಿ ದೀಕ್ಷಾಸ್ನಾನ ಆಗಿದೆಯೋ ಆ ಹೆಸರನ್ನು ಹಾಡಿನಲ್ಲಿ ಕರೆಯಲಿಕ್ಕೆ ಯಾರ ಅಪ್ಪಣೆಯೂ ಬೇಡ” ಎಂದು ನಕ್ಕರು. ಸರಿ ಎಂದು ಹಳೆಯ ಅಂಕಿತಗಳನ್ನೆಲ್ಲ ಎದುರಿಗೆ ಹರಡಿಕೊಂಡು ಕೂತೆ. ಕೃಷ್ಣೆ ಮಲಪ್ರಭೆ ಕೂಡುವಲ್ಲಿನ ಸಂಗಮ. ಹಾವೇರಿ ಕಡೆಯ ಕಾಗಿನೆಲೆ. ಶ್ರೀಶೈಲದ ಮಲ್ಲಿಕಾರ್ಜುನ. ಹೆಳವನಕಟ್ಟೆ ಗಿರಿಯಮ್ಮನ ಹೆಳವನಕಟ್ಟೆ. ಎಲ್ಲದರಲ್ಲೂ ಊರಿದೆ. ಎಲ್ಲ ಕಡೆ ಇರುವವನನ್ನು ಇವರೆಲ್ಲ ಒಂದು ವಿಳಾಸ ಕೊಟ್ಟು ಹಿಡಿದಿದ್ದಾರೆ.

ಹಾಗಾದರೆ ನನ್ನ ಹಾಡಿಗೆ ಯಾವ ಊರು? ಯೇಸುವನ್ನು ಶಿಲುಬೆಗೆ ಹಾಕಿದ ಗೊಲ್ಗೊಥಾ ದೊಡ್ಡ ಹೆಸರು, ಶ್ರಮೆಯ ಕಾಲಕ್ಕೆ ಒಪ್ಪುವುದು. ಆದರೆ ಕನ್ನಡದಲ್ಲಿ ಆ ಹೆಸರು ಕೇಳಿದ ಕೂಡಲೇ ನೆನಪಾಗುವುದು ಮಂಜೇಶ್ವರದ ಗೋವಿಂದ ಪೈಗಳ ಖಂಡಕಾವ್ಯ. ಕ್ರೈಸ್ತರಲ್ಲದ ಅವರು ಕ್ರಿಸ್ತನ ಕೊನೆಯ ದಿನವನ್ನು ಬರೆದ ಗಾಂಭೀರ್ಯದ ಪಕ್ಕದಲ್ಲಿ ನನ್ನ ಬಾಗಿಲ ಜಗಳ ಸಣ್ಣದಾಗಿ ಕಾಣುತ್ತದೆ. ನಜರೇತು? ‘ನಜರೇತಿನೊಡೆಯ’, ಎಂಟು ಮಾತ್ರೆ, ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಕೆಲವು ದಿನ ಅದನ್ನೇ ಹಾಡಿಕೊಂಡು ಪಾತ್ರೆ ತೊಳೆದೆ. ಆದರೆ ನಜರೇತಿನಲ್ಲಿ ಅವನು ಬೆಳೆದ, ಅಷ್ಟೇ. ಊಟದ ಮಾತು ಅಲ್ಲಿಲ್ಲ, ಕಣ್ಣೀರೂ ಇಲ್ಲ.

ಇವೆರಡೂ ಇರುವ ಊರು ಬೇಥಾನ್ಯ. ಯೆರೂಸಲೇಮಿಗೆ ಮೂರು ಕಿಲೋಮೀಟರಿನಷ್ಟು ದೂರ, ಎಣ್ಣೆಮರಗಳ ಗುಡ್ಡದ ಆಚೆ ಮಗ್ಗುಲು. ಮಾರ್ಥ, ಮರಿಯ, ಲಾಜರ ಎಂಬ ಅಕ್ಕ ತಂಗಿ ತಮ್ಮ ಇದ್ದ ಊರು, ಯೇಸು ಬಂದು ಉಣ್ಣುತ್ತಿದ್ದ ಮನೆ. ಈಗಲೂ ಆ ಊರಿನ ಅರಬ್ಬಿ ಹೆಸರಿನಲ್ಲಿ ಲಾಜರನ ಹೆಸರು ಉಳಿದಿದೆ. ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಮತ್ತೆ ತೆಗೆದೆ. ಲಾಜರ ಕಾಯಿಲೆ ಬಿದ್ದಿದ್ದಾನೆ ಎಂದು ಅಕ್ಕಂದಿರು ಹೇಳಿ ಕಳುಹಿಸುತ್ತಾರೆ. ಸುದ್ದಿ ಸಿಕ್ಕಿದ ಮೇಲೂ ಯೇಸು ಇದ್ದಲ್ಲೇ ಎರಡು ದಿನ ನಿಲ್ಲುತ್ತಾನೆ. ಬರುವ ಹೊತ್ತಿಗೆ ಹೂಳಿ ನಾಲ್ಕು ದಿನ. ಮಾರ್ಥ ಊರ ಹೊರಗೇ ಎದುರು ಹೋಗಿ ಹೇಳುತ್ತಾಳೆ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆಮೇಲೆ ಮರಿಯ ಬಂದು ಕಾಲಿಗೆ ಬೀಳುತ್ತಾಳೆ, ಅವಳೂ ಅದನ್ನೇ ಹೇಳುತ್ತಾಳೆ. ಸಾವ ಮನೆಯ ಹೆಂಗಸರು ಇಬ್ಬರೂ ಆ ನಾಲ್ಕು ದಿನ ಒಬ್ಬರಿಗೊಬ್ಬರು ಇದೇ ಮಾತನ್ನು ಎಷ್ಟು ಸಲ ಹೇಳಿಕೊಂಡಿರಬೇಕು! ಸುವಾರ್ತೆಯ ಒಳಗೇ ನಿಂದಾಸ್ತುತಿ ಇದೆ, ಅದೂ ಹೆಂಗಸರ ಬಾಯಲ್ಲಿ. ಅವನು ಅವರನ್ನು ಗದರಿಸುವುದಿಲ್ಲ, ಅಳುತ್ತಾನೆ.

‘ಬೇಥಾನ್ಯದೊಡೆಯ.’ ಬೇಥಾ ನಾಲ್ಕು, ನ್ಯದೊಡೆಯ ನಾಲ್ಕು. ಅಂಕಿತ ಸಿಕ್ಕಿತು. ಅಂಕಿತದ ಹಿಂದೆಯೇ ಎರಡನೆಯ ಚರಣ, ಬರೆದೆ ಎನ್ನುವುದಕ್ಕಿಂತ ಬಂತು ಎನ್ನಬೇಕು:

ಕರೆದಿರುಳೆಲ್ಲಾ ಬಾರದೆ ಹೋದೆ,
ಕರೆಯದ ಹೊತ್ತಲಿ ಬಾಗಿಲ ಬಡಿವೆ.
ಸತ್ತಾ ನಾಲ್ಕನೆ ದಿವಸಕೆ ಬಂದೆ,
ಹೊತ್ತೇ ತಿಳಿಯದೆ, ಬೇಥಾನ್ಯದೊಡೆಯ?

ಮೂರನೆಯ ಚರಣ ಸುಲಭವಾಗಿರಲಿಲ್ಲ. ಬಾಗಿಲು ತೆರೆಯಬೇಕು, ಆದರೆ ತೆರೆದದ್ದನ್ನು ಹೇಳಬಾರದು. ಹರ್ಬರ್ಟನ ಊಟವನ್ನು ತಿರುಗಿಸಿದೆ, ಅಲ್ಲಿ ಅತಿಥಿಗೆ ನಾಚಿಕೆ, ಇಲ್ಲಿ ಮನೆಯವಳಿಗೆ. ಸ್ವರ್ಗ, ಸಿಂಹಾಸನ, ಮಹಿಮೆ ಎಂಬ ಮಾತುಗಳು ಅಭ್ಯಾಸಬಲದಿಂದ ಬಂದು ಬಂದು ಕೂತವು, ಒಂದೊಂದನ್ನೇ ಎಬ್ಬಿಸಿ ಕಳುಹಿಸಿದೆ. ನಮ್ಮ ಕಡೆ ಅವೇಳೆಯಲ್ಲಿ ಬಂದವರಿಗೆ ಇರುವುದು ಗಂಜಿ. ‘ನಿನ್ನಯ’, ‘ಎನ್ನಯ’ ಎಂಬ ಮಾತ್ರೆ ತುಂಬುವ ಪದಗಳನ್ನು ಈ ಹಾಡಿನಲ್ಲಿ ಬಳಸುವುದಿಲ್ಲ ಎಂದು ಹಟ ಹಿಡಿದದ್ದೂ ಕೆಲಸವನ್ನು ಉದ್ದ ಮಾಡಿತು, ಆದರೆ ಅದರಿಂದಲೇ ಸಾಲುಗಳು ಮಾತಿನ ಹತ್ತಿರ ಬಂದವು.

ಗುಡಿಸದ ಮನೆಯಿದು, ಒಲೆ ತಣ್ಣಗಿದೆ,
ಒಡಕಲು ಬಟ್ಟಲು, ಉಪ್ಪಿದೆ, ಗಂಜಿ.
ಉಣ್ಣಲು ಕೂರುವೆಯಾದರೆ ಕೂರು,
ಕಣ್ಣೂ ಒದ್ದೆಯೆ, ಬೇಥಾನ್ಯದೊಡೆಯ?

ಕೊನೆಯ ಸಾಲು ಮೊದಲು ‘ಕಣ್ಣನು ಒರಸುವೆ’ ಎಂದಿತ್ತು. ನಾನು ಅವನ ಕಣ್ಣು ಒರಸುವುದು ಸ್ವಲ್ಪ ಹೆಚ್ಚಾಯಿತು ಎನಿಸಿತು. ತಲೆ ಇಬ್ಬನಿಯಿಂದ ನೆನೆದದ್ದನ್ನು ಕತ್ತಲಲ್ಲೂ ಊಹಿಸಬಹುದು, ಕಣ್ಣು ಒದ್ದೆಯಾದದ್ದು ಕಾಣಬೇಕಾದರೆ ಬಾಗಿಲು ತೆರೆದು ಹತ್ತಿರದಿಂದ ನೋಡಿರಬೇಕು. ಪ್ರಶ್ನೆಯಾಗಿ ಇಟ್ಟ ಮೇಲೆ ಬಾಗಿಲು ತೆರೆದ ಸಂಗತಿ ಹೇಳದೆಯೇ ಬಂತು.

ಹಾಡನ್ನು ಸಮಿತಿಯ ಮುಂದೆ ಓದಿದಾಗ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟರು. “ಅಲ್ಲ, ಟೀಚರೇ, ದೇವರಿಗೆ ಹೊತ್ತು ತಿಳಿಯುದಿಲ್ಲ ಅಂತ ನಾವು ಆರಾಧನೆಯಲ್ಲಿ ಹಾಡುದಾ?”

“ಮಾರ್ಥ ಹೇಳಿದ್ದನ್ನೇ ಹೇಳಿದ್ದು” ಎಂದೆ.

“ಮಾರ್ಥ ದುಃಖದಲ್ಲಿ ಹೇಳಿದ್ದು.”

“ನಾವು ಹಾಡುವುದೂ ಶ್ರಮೆಯ ವಾರದಲ್ಲಿ ಅಲ್ಲವಾ?”

ನಲವತ್ತನಾಲ್ಕನೆಯ ಕೀರ್ತನೆಯನ್ನು ತೆರೆದು ಓದಿಯೂ ಆಯಿತು. ಅವರು ಒಪ್ಪಲಿಲ್ಲ, ಅವರ ಮಾತಿನಲ್ಲೂ ಸತ್ವ ಇರಲಿಲ್ಲ ಎನ್ನಲಾರೆ. ಮನೆಯಲ್ಲಿ ಒಬ್ಬಳೇ ಕೂತು ದೇವರನ್ನು ಬೈಯುವುದು ಒಂದು, ನೂರಾರು ಜನ ಎದ್ದು ನಿಂತು ಒಟ್ಟಿಗೆ ಬೈಯುವುದು ಇನ್ನೊಂದು. ಕಡೆಗೆ ಆ ವರ್ಷದ ಕರಪತ್ರದಲ್ಲಿ ಎರಡನೆಯ ಚರಣವಿಲ್ಲದೆ ಹಾಡು ಅಚ್ಚಾಯಿತು. ಅಂಕಿತದ ಬಗ್ಗೆ ಜಗಳವಾಗಬಹುದು ಎಂದುಕೊಂಡಿದ್ದೆ. ಅದನ್ನು ಯಾರೂ ಎತ್ತಲೇ ಇಲ್ಲ. ಒಬ್ಬರು ಮಾತ್ರ ಬೇಥಾನ್ಯ ಎಂದರೆ ಯಾರ ಮನೆ ಹೆಸರು ಎಂದು ಕೇಳಿದರು, ನಮ್ಮ ಕೇರಿಯಲ್ಲಿ ಆ ಹೆಸರಿನ ಮನೆಯೂ ಉಂಟು. ಸ್ತ್ರೀಯರ ಕೂಟದವರು ತಮ್ಮ ಬುಧವಾರದ ಪ್ರಾರ್ಥನೆಯಲ್ಲಿ ಮೂರು ಚರಣವನ್ನೂ ಹಾಡುತ್ತಾರೆ. ಅವರಿಗೆ ಕೈಯಲ್ಲಿ ಬರೆದ ಪ್ರತಿ ಹೋಗಿದೆ.

ಧಾಟಿಯ ಕಥೆ ಇನ್ನೂ ಮುಗಿದಿಲ್ಲ. ಮಾಸ್ಟ್ರು ಮೊದಲು ಮೋಹನ ರಾಗದಲ್ಲಿ ಕೂರಿಸಿದರು, ಅದು ಮದುವೆ ಮನೆಯ ಬಾಗಿಲಾಯಿತು. ಆಮೇಲೆ ಕಾಪಿಗೆ ತಂದರು, ಈಗ ಸರಿಯಿದೆ. ಆದರೆ ಹಾರ್ಮೋನಿಯಂ ಮೇಲೆ ಕೈ ಇಟ್ಟ ಕೂಡಲೇ ಅವರಿಗೆ ಹಳೆಯ ಗೀತಪುಸ್ತಕದ ನೆನಪಾಗುತ್ತದೋ ಏನೋ, ಪಲ್ಲವಿಯ ಕೊನೆಯ ‘ಹೊರಗೆ’ಯನ್ನು ‘ಹೋರಾಗೇ’ ಎಂದು ಎಳೆಯುತ್ತಾರೆ. ಮೂರು ಲಘು, ಒಂದು ಮಾತ್ರೆಯ ವಿರಾಮ, ಅಷ್ಟೇ ಎಂದು ನಾನು ಮೇಜಿನ ಮೇಲೆ ತಟ್ಟಿ ತೋರಿಸಿದೆ. “ಎಳೆದರೆ ಜನ ಒಟ್ಟಿಗೆ ಬರುತ್ತಾರೆ ಟೀಚರೇ, ನೀವು ಹೇಳಿದ ಹಾಗೆ ಹಾಡಿದರೆ ಅರ್ಧ ಸಭೆ ಹಿಂದೆ ಉಳಿಯುತ್ತದೆ” ಎನ್ನುತ್ತಾರೆ ಅವರು. ಬರುವ ಶನಿವಾರದ ಅಭ್ಯಾಸಕ್ಕೆ ಹಾಡುವವರಿಗೆಲ್ಲ ಕೈತಾಳ ಹಾಕಲು ಹೇಳಿಕೊಡುತ್ತೇನೆ ಎಂದಿದ್ದೇನೆ.